ಒಂದು ನಂಬರಿಗೆ ಒಂದೇ ಅರ್ಜಿ

ಸಂಜೆ ತರಗತಿಯ ಡೇಟಾಬೇಸ್ ಕೋರ್ಸಿಗೆ ಅರ್ಜಿ ಹಾಕುವ ಸಾಲಿನಲ್ಲಿ ನನ್ನ ಮುಂದೆ ಯಾರೋ ಅತ್ತಿಗೆ, ನಾದಿನಿ ಮಾತಾಡುತ್ತ ನಿಂತಿದ್ದರು.

“ಈ ಮೊಬೈಲ್ ನಂಬರಿಂದ ಆಗಲೇ ಒಂದು ಅರ್ಜಿ ಬಂದಿದೆ ಅಂತು ಕಣೆ, ನಿನ್ನೆ ನಾನು ಹಾಕೋಕೆ ಹೋದಾಗ ಕಂಪ್ಯೂಟರು.”

“ಅದು ಮನೆ ನಂಬರಲ್ವಾ ಅತ್ತಿಗೆ? ಯಾರು ಹಾಕಿದ್ದು?”

“ಹೆಸರೂ ತೋರಿಸ್ತು. ನಿಮ್ಮಣ್ಣಂದು!”

“ಅಣ್ಣಂದಾ? ನೀವು ಸೇರ್ತೀನಿ ಅಂದಾಗ, ಸಂಜೆ ಅಡುಗೆ ಯಾರು ಮಾಡ್ತಾರೆ ಅಂತ ಹಾರಾಡಿದ್ನಲ್ಲ!”

“ಹೂಂ. ಇಂಥ ಕೋರ್ಸಿದೆ ಅಂತ ಹೇಳಿದ್ದೇ ನಾನು. ನನ್ನ ಬಾಯಿ ಮುಚ್ಚಿಸಿ ತಾವು ಸದ್ದಿಲ್ಲದೆ ಹಾಕಿದಾರೆ.”

“ಅವನ ಅರ್ಜಿ ತೆಗೆಸಿಬಿಡಿ.”

“ಯಾಕೆ? ನಿನ್ನ ನಂಬರ್ ಕೊಡು, ನಂದೂ ಹಾಕ್ತೀನಿ. ಕ್ಲಾಸಲ್ಲಿ ಅವರ ಪಕ್ಕದಲ್ಲೇ ಕೂತ್ಕೋತೀನಿ.”

“ಮತ್ತೆ ಅಡುಗೆ?”

“ಅಲ್ಲೇ, ಎಲ್ಲರ ಮುಂದೆ ಕೇಳ್ತೀನಿ, ಯಾರು ಮಾಡ್ತಾರೆ ಅಂತ.”

ಕೌಂಟರಿನಿಂದ “ಮುಂದಿನವರು” ಎಂಬ ಕೂಗು ಬಂತು. “ನಮ್ಮತ್ತಿಗೆ ಅರ್ಜಿಗೆ ನನ್ನ ನಂಬರ್ ಹಾಕ್ಕೊಳ್ಳಿ” ಎನ್ನುತ್ತ, ತನ್ನ ಮೊಬೈಲ್ ಹಿಡಿದು ಅತ್ತಿಗೆಗಿಂತ ಮೊದಲು ನಾದಿನಿಯೇ ನುಗ್ಗಿದಳು.