ಪಾರ್ಕಿನ ಎರಡನೆಯ ಕಲ್ಲು

ಲಾರಿ ಮುಷ್ಕರ ಶುರುವಾದ ಮೇಲೆ ತರಕಾರಿ ಗಾಡಿಯೆದುರಿನ ಸಾಲು ಹನುಮಂತನ ಬಾಲವಾಗಿತ್ತು. ಖಾಲಿ ಚೀಲ ಹಿಡಿದು ನಿಂತಿದ್ದ ದರ್ಜಿಯ ಮುಂದೆ ಬೀದಿಯ ಕೊನೆಮನೆಯ ಅತ್ತೆ, ಸೊಸೆ. ಕೇಳಬಾರದೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ರೋಗದ ಕಾಲದಲ್ಲಿ ಬೀದಿಯವರೆಲ್ಲ ಸೇರಿ ಪಾರ್ಕಲ್ಲಿ ಬೀನ್ಸು, ಬದನೆ ಹಾಕಿದ್ವಲ್ಲ ಅತ್ತೆ, ಅದನ್ನ ಉಳಿಸ್ಕೋಬೇಕಿತ್ತು.”

“ಉಳಿಸಿದೀವಲ್ಲಮ್ಮ, ಕಲ್ಲಲ್ಲಿ! ‘ಕಷ್ಟಕಾಲದಲ್ಲಿ ಒಂದಾಗಿ ಬೆಳೆದೆವು’ ಅಂತ ಎಷ್ಟು ಚೆನ್ನಾಗಿ ಕೆತ್ತಿಸಿದಾರೆ.”

“ಆ ಕಲ್ಲು ನಿಲ್ಲಿಸೋಕೆ ಬೀನ್ಸ್ ಚಪ್ಪರ ಕಿತ್ತು ಸಿಮೆಂಟ್ ಹಾಕಿದ್ರು!”

“ಮತ್ತೆ? ಬರೀ ಮಣ್ಣಲ್ಲಿ ನೆಟ್ರೆ ಕಲ್ಲು ವಾಲಲ್ವಾ?”

“ನೀವೂ ಚಪ್ಪಾಳೆ ತಟ್ಟಿದ್ರಿ.”

ಅನಾವರಣದ ದಿನ ಕಲ್ಲಿನ ಮೇಲೆ ಇಳಿಬಿಟ್ಟಿದ್ದ ಮಖಮಲ್ಲಿನ ಪರದೆ ಹೊಲಿದುಕೊಟ್ಟಿದ್ದ ದರ್ಜಿ, ತನ್ನ ಚಪ್ಪಲಿ ನೋಡಿಕೊಂಡ.

“ನನಗೇನು ಹೊಸದಾ? ನಾನು ಚಿಕ್ಕೋಳಿದ್ದಾಗ ಯುದ್ಧ ಬಂತು, ಅದೇ ಜಾಗದಲ್ಲಿ ಎಲ್ರೂ ಸೇರಿ ಗೆಣಸು ಬೆಳೆದ್ವಿ. ಯುದ್ಧ ಮುಗೀತು, ಗೆಣಸು ಕಿತ್ತು ಕಲ್ಲು ನೆಟ್ರು. ಆಗ್ಲೂ ತಟ್ಟಿದ್ದೆ.”

“ಹೌದಾ! ಆ ಕಲ್ಲು ಎಲ್ಲೋಯ್ತು?”

“ಕಾಲ ಕಳೆದ ಹಾಗೆ ಮಣ್ಣಲ್ಲಿ ಹೂತೋಯ್ತು. ಬದನೆಗೆ ಅಗೆಯೋವಾಗ ನಿನ್ನ ಗಂಡನ ಗುದ್ದಲಿ ಮುರೀತಲ್ಲ, ಯಾತಕ್ಕೆ ಬಡಿದು ಅಂದ್ಕೊಂಡೆ?”

ಅಷ್ಟರಲ್ಲಿ ಗಾಡಿಯವನು ಬುಟ್ಟಿ ಮಗುಚಿ, ಎಲ್ಲರಿಗೂ ಕಾಣುವಂತೆ ತಟ್ಟಿ ತೋರಿಸಿದ. ಸಾಲು ಗೊಣಗುತ್ತ ಚದುರಿತು. ಅತ್ತೆ, ಸೊಸೆಯೂ ಮನೆಯ ಕಡೆ ತಿರುಗಿದರು.

“ನಾಳೆಯಿಂದ ಮತ್ತೆ ಪಾರ್ಕ್ ಅಗೆಯೋಣ್ವಾ ಅತ್ತೆ?”

“ಅಗೆಯೋಣ. ನಿನ್ನ ಗಂಡಂಗೆ ಎರಡು ಗುದ್ದಲಿ ಇಟ್ಕೊಳ್ಳೋಕೆ ಹೇಳು. ಈ ಸಲ ಕಲ್ಲೂ ಎರಡಿವೆ.”