ಸಾಲು ಎತ್ತಿಕೊಂಡವರು

ದೀಪ ಆರಿಸ್ಬೇಡಿ, ಇರ್ಲಿ. ಕತ್ತಲಲ್ಲಿ ಹೇಳಿದ್ರೆ ನೀವು ಕತೆ ಅಂದ್ಕೊಳ್ತೀರಿ. ಇದು ಕತೆ ಅಲ್ಲ. ನನ್ನ ಚಿಕ್ಕಪ್ಪನ ಮಗ ದುರ್ಗೇಶನಿಗೆ ಆದದ್ದು. ಕೊನೇ ತುಂಡು ಮಾತ್ರ ನಾನೇ ಕಣ್ಣಾರೆ ಕಂಡದ್ದು.

ದುರ್ಗೇಶ ನಿಟ್ಟೂರು ಸುತ್ತಮುತ್ತ ಮನೆಗಳಿಗೆ ಇಂಟರ್‌ನೆಟ್ ಫೈಬರ್ ಎಳೆಯೋನು. ಅವತ್ತು ಒಂದು ಮನೆ ಲೈನ್ ಸರಿ ಮಾಡೋಷ್ಟರಲ್ಲಿ ತುಂಬ ತಡ ಆಯ್ತು. ಬೈಕ್ ಬೇರೆ ಪಂಚರ್. ಹೆಗಲಿಗೆ ಚೀಲ ಏರಿಸ್ಕೊಂಡು ನಡ್ಕೊಂಡೇ ಹೊರಟ. ಶಾಲೆ ಹಿಂದಿನ ಬಾವಿ ಇದೆಯಲ್ಲ... ಮನೆಮನೆಗೆ ನಲ್ಲಿ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದಲ್ಲ. ಅದರ ಹತ್ರ ಬರ್ತಿದ್ದ ಹಾಗೆ ಒಂದು ಹಾಡು ಕೇಳ್ತು. ಒಂದೇ ಸಾಲು.

"ಬಾರೆ ಬಾಳೆಯ ಸುಳಿಯೆ, ಹಸೆಗೆ ಬಾರೆ..."

ಅಷ್ಟು ಹೇಳಿ ನಿಂತುಹೋಯ್ತು. ದುರ್ಗೇಶನೂ ನಿಂತ. ಬಾವಿ ರಾಟೆ ಒಂದ್ಸಲ ಕಿರ್ರ್... ಅಂತು. ಎಲೆ ಅಲ್ಲಾಡೋಷ್ಟು ಗಾಳಿ ಇರ್ಲಿಲ್ಲ ಅಂತಾನೆ ಅವನು. ಆಮೇಲೆ ಮತ್ತೆ ಅದೇ ದನಿ, ಅದೇ ಸಾಲು.

ನೋಡಿದ್ರೆ ಬಾವಿ ಪಕ್ಕದ ಮನೆ ಜಗಲೀಲಿ ವರದಮ್ಮ ಕೂತಿದ್ದಾರೆ. ಕೈಯಲ್ಲಿ ಫೋನು. ದುರ್ಗೇಶ ಅವರನ್ನ ಅತ್ತೆ ಅಂತಲೇ ಕರೆಯೋದು.

"ಯಾಕತ್ತೆ, ಇಷ್ಟೊತ್ತಲ್ಲಿ?"

ವರದಮ್ಮ ಪಿಸುಗುಟ್ಟಿದ್ರು. "ಅಕ್ಕ ಲೈನಲ್ಲಿದ್ದಾಳೆ. ನಮ್ಮಿಬ್ಬರ ಮಧ್ಯ ಸಂದು ಬೀಳ್ತದೆ ಕಣಾ. ಈ ಸಂದು ಒಂದು ತೆಗೆದ್ಕೊಡ್ತ್ಯಾ ಮಾರಾಯ?"

ಸಂದು ಅಂದ್ರೆ ಏನಂತ ಹೇಳ್ತೀನಿ. ವರದಮ್ಮ, ಅವರಕ್ಕ ಗುತ್ಯಮ್ಮ... ಈ ಕಡೆ ಮದುವೆ ಮನೆಗಳಲ್ಲಿ ಹಸೆ ಹಾಡು ಅಂದ್ರೆ ಇವರಿಬ್ಬರೇ. ಹಸೆ ಹಾಡನ್ನ ಒಬ್ಬರೇ ಹೇಳೋದಲ್ಲ. ಒಬ್ಬರು ಸಾಲು ಹೇಳ್ತಾರೆ, ಅದು ಮುಗಿಯೋಕೆ ಮುಂಚೆ ಇನ್ನೊಬ್ಬರು ಎತ್ತಿಕೊಳ್ತಾರೆ. ಸಾಲಿನ ಬಾಲ ನೆಲಕ್ಕೆ ಬೀಳಬಾರದು ಅಂತ ಅವರಮ್ಮ ಕಲಿಸಿದ್ದಂತೆ. ಸಂದು ಬಿಟ್ರೆ ಏನಾಗ್ತದೆ ಅಂತ ನಾನು ಚಿಕ್ಕವಳಿದ್ದಾಗ ಒಂದ್ಸಲ ಗುತ್ಯಮ್ಮನ್ನ ಕೇಳಿದ್ದೆ. "ಬೇರೆಯವರು ಎತ್ಕೊಳ್ತಾರೆ" ಅಂದಿದ್ರು. ಬೇರೆಯವರು ಅಂದ್ರೆ ಯಾರು ಅಂತ ಕೇಳಿದ್ದಕ್ಕೆ ತಲೆ ಮೇಲೊಂದು ಮೊಟಕಿ ಕಳಿಸಿದ್ರು.

ಗುತ್ಯಮ್ಮ ಸೊಂಟ ಮುರ್ಕೊಂಡು ಮಗಳ ಮನೇಲಿ ಮಲಗಿದ್ರು. ಮನೆ ಎಲ್ಲಿ ಅಂದ್ರೆ ಗುಜರಾತಿನ ಗಾಂಧಿಧಾಮದಲ್ಲಿ. ಅಳಿಯನಿಗೆ ಅಲ್ಲಿ ಬಂದರಿನ ಕೆಲಸ. ಇನ್ನು ಏಳಲ್ಲ, ಊರಿಗೆ ಬರೋದಂತೂ ಆಗದ ಮಾತು ಅಂತ ಡಾಕ್ಟರು ಹೇಳಿಯಾಗಿತ್ತು. ಇತ್ತ ವರದಮ್ಮನ ಮೊಮ್ಮಗಳು ಸ್ವಪ್ನಾಳ ಮದುವೆ ಗೊತ್ತಾಗಿತ್ತು. ಅಕ್ಕ ಉಸಿರಾಡ್ತಿರುವಾಗ ಬೇರೆಯವರ ಜೊತೆ ಹಸೆ ಹಾಡು ಹೇಳಲ್ಲ ಅಂತ ವರದಮ್ಮನ ಹಟ. ಇದೇ ಕೊನೇದು ಅಂತ ಇಬ್ಬರಿಗೂ ಗೊತ್ತಿತ್ತು. ಫೋನಲ್ಲಾದ್ರೂ ಸೈ, ಒಂದು ಸಲ ಇಬ್ಬರ ದನಿ ಕೂಡಬೇಕು. ಅವರಿಗೆ ಬೇಕಾದದ್ದು ಅಷ್ಟೇ.

ಆದ್ರೆ ಕೂಡ್ತಿರ್ಲಿಲ್ಲ. ವರದಮ್ಮ ಸಾಲು ಮುಗಿಸಿ ಕಾಯೋರು. ಒಂದು ಉಸಿರು ಹೋಗಿ ಬಂದ ಮೇಲೆ ಗುತ್ಯಮ್ಮನ ದನಿ ಬರೋದು. ಅಷ್ಟರಲ್ಲಿ ಬಾಲ ನೆಲಕ್ಕೆ ಬಿದ್ದಿರ್ತಿತ್ತು.

ಸ್ವಪ್ನಾಗೆ ಸಿಟ್ಟು. "ದುರ್ಗೇಶಣ್ಣ, ಮುನ್ನೂರು ಎಂಬಿ ಪ್ಲಾನ್ ಹಾಕ್ಸಿದೀವಿ. ಸಿನಿಮಾ ಕಣ್ಮುಚ್ಚಿ ತೆಗೆಯೋದ್ರೊಳಗೆ ಇಳೀತದೆ. ಅಜ್ಜಿ ಮಾತು ಹೋಗೋಕೆ ಇಷ್ಟೊತ್ತು ಯಾಕೆ?"

"ಎಂಬಿ ಅಂದ್ರೆ ರಸ್ತೆ ಅಗಲ ಕಣೆ. ಇದು ಹೋಗಿ ಬರೋ ಹೊತ್ತು. ಆಗುಂಬೆ ಘಾಟೀನ ಎಷ್ಟು ಅಗಲ ಮಾಡಿದ್ರೂ ಇಳಿಯೋಕೆ ಹಿಡಿಯೋಷ್ಟು ಹೊತ್ತು ಹಿಡಿದೇ ಹಿಡೀತದೆ."

ಆದರೂ ಅವನು ಕೈ ಬಿಡ್ಲಿಲ್ಲ. ದಿನಾ ಸಂಜೆ ಕೆಲಸ ಮುಗಿಸಿ ಬಂದು ಕೂರೋನು. ವೈಫೈ ಬಿಟ್ಟು ಸ್ವಪ್ನಾಳ ಲ್ಯಾಪ್‌ಟಾಪಿಗೆ ನೇರ ವೈರು ಎಳೆದ. ಬ್ಲೂಟೂತ್ ಸ್ಪೀಕರ್ ತೆಗೆಸಿದ, ಅದೊಂದೇ ಅರ್ಧ ಉಸಿರು ತಿಂತಿತ್ತಂತೆ. ಗೇಟಿನ ಕ್ಯಾಮೆರಾ ಹಗಲೂ ರಾತ್ರಿ ವಿಡಿಯೋ ಇಂಟರ್‌ನೆಟ್ಟಿಗೆ ಕಳಿಸ್ತಿತ್ತು, ಹಾಡೋ ಹೊತ್ತಲ್ಲಿ ಅದನ್ನೂ ಬಂದ್ ಮಾಡ್ಸಿದ. ರೂಟರ್ ಒಳಗೆ ಎಲ್ಲ ಸರದಿ ನಿಂತಿರ್ತವೆ, ಅಜ್ಜಿ ದನಿ ಹಿಂದೆ ಸಿಕ್ಕಿಬೀಳ್ತದೆ ಅಂದ. ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನೋ ಹಾಗೆ. ಅದಕ್ಕೆ ದನಿಯನ್ನ ಸರದಿ ಮುಂದೆ ಬಿಡೋ ಹಾಗೆ ಮಾಡಿ, ಸ್ಪೀಡನ್ನ ಬೇಕಂತಲೇ ಸ್ವಲ್ಪ ಇಳಿಸಿದ. ಸ್ಪೀಡ್ ಕಮ್ಮಿ ಮಾಡಿ ಬೇಗ ಮುಟ್ಟಿಸ್ತಾನಂತೆ ಅಂತ ಮನೆಯವರೆಲ್ಲ ಅವನನ್ನ ಆಡ್ಕೊಂಡ್ರು. ನಾನೂ ಆಡ್ಕೊಂಡೆ.

ಸಂಗೀತದವರು ಬಳಸೋ ಒಂದು ಆ್ಯಪ್ ಇದೆಯಂತೆ, ಅದನ್ನ ಎರಡೂ ಕಡೆ ಹಾಕ್ಸಿದ. ದನಿ ಹೋಗಿ ಬರೋಕೆ ಎಷ್ಟು ಹೊತ್ತಾಗ್ತದೆ ಅಂತ ಅದರ ಮೂಲೇಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಒಂದು ಅಂಕಿ ಕಾಣ್ತದೆ. ಮೊದಲು ಆರುನೂರರ ಹತ್ರ ಇತ್ತು. ಇಳೀತಾ ಇಳೀತಾ ನೂರೆಂಬತ್ತಕ್ಕೆ ಬಂದು ಕೂತ್ಕೊಳ್ತು. ಅಲ್ಲಿಂದ ಕೆಳಗೆ ಒಂದು ಚೂರೂ ಇಳೀಲಿಲ್ಲ. ಗಾಂಧಿಧಾಮದ ಆ ಬೀದಿಗೆ ಫೈಬರ್ ಬಂದಿಲ್ಲ, ಟವರೇ ಗತಿ.

"ಇನ್ನು ಉಳಿದಿರೋದು ರೆಪ್ಪೆ ಬಡಿಯೋಷ್ಟು ಅತ್ತೆ. ಅಷ್ಟು ಇರ್ಲಿ ಬಿಡಿ."

"ರೆಪ್ಪೆ ಬಡಿಯೋಷ್ಟು ಸಂದಾದ್ರೂ ಸಂದೇ ಅಲ್ವೇನೋ" ಅಂದ್ರು ವರದಮ್ಮ.

ಮದುವೆಗೆ ಇನ್ನೇನು ನಾಲ್ಕೈದು ದಿನ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈನ್ ಖಾಲಿ ಇರ್ತದೆ, ಕೊನೇದಾಗಿ ಒಂದು ಸಲ ನೋಡೋಣ ಅಂತ ದುರ್ಗೇಶನೇ ಹೇಳಿದ. ಒಳಕೋಣೇಲಿ ಮೇಜಿನ ಮೇಲೆ ಲ್ಯಾಪ್‌ಟಾಪು, ಸಣ್ಣ ಸ್ಪೀಕರು. ವರದಮ್ಮ ಚಾಪೆ ಮೇಲೆ ಕೂತ್ರು. ಆ ಕಡೆಯಿಂದ ಗುತ್ಯಮ್ಮ ಕೆಮ್ಮಿದ್ದು ಕೇಳ್ತು. "ಶುರು ಮಾಡೇ ವರದಾ" ಅಂದ್ರು.

ವರದಮ್ಮ ಸಾಲು ಹೇಳಿದ್ರು. ಸಂದು... ಗುತ್ಯಮ್ಮ ಎತ್ತಿಕೊಂಡ್ರು. ಎರಡನೇ ಸಾಲು. ಸಂದು...

ಆಗ ಸ್ಪೀಕರಲ್ಲಿ ಟಿಕ್ ಅಂತ ಸದ್ದಾಯ್ತಂತೆ. ತಾಮ್ರದ ಚೊಂಬಿಗೆ ಉಗುರು ತಾಗಿದ ಹಾಗೆ.

ಮೂರನೇ ಸಾಲಿಗೆ ಸಂದಿಲ್ಲ.

ವರದಮ್ಮನ ಬಾಲ ಇನ್ನೂ ಮೇಲಿರುವಾಗಲೇ ಆ ಕಡೆ ದನಿ ಎತ್ತಿಕೊಂಡಿತ್ತು. ನಾಲ್ಕನೇದು ಹಾಗೇ. ಐದನೇದು ಹಾಗೇ. ಎರಡು ದನಿ ಒಂದರೊಳಗೊಂದು ಹೊಕ್ಕು ಬರ್ತಿತ್ತಂತೆ. ದುರ್ಗೇಶನಿಗೆ ಖುಷಿ ಆಯ್ತು, ಆಗದೆ ಇರ್ತದಾ, ಅಷ್ಟು ದಿನ ಒದ್ದಾಡಿದ್ದಾನೆ. ಅಂಕಿ ಎಷ್ಟಾಯ್ತು ಅಂತ ಬಗ್ಗಿ ನೋಡಿದ.

ಸೊನ್ನೆ.

ಅವನಿಗೆ ಗೊತ್ತು, ಸೊನ್ನೆ ಬರಲ್ಲ. ಪಕ್ಕದ ಮನೆಯಿಂದ ಮಾತಾಡಿದ್ರೂ ಒಂದೋ ಎರಡೋ ಬಂದೇ ಬರ್ತದೆ. ಅಷ್ಟು ಕಮ್ಮಿ ಬರಬೇಕಾದ್ರೆ ಆ ಕಡೆಯವರು... ಇದೇ ಕೋಣೇಲಿ ಇರ್ಬೇಕು.

ಮೆಲ್ಲಗೆ ಎದ್ದು ಗೋಡೆ ಮೇಲಿನ ಇಂಟರ್‌ನೆಟ್ ಪೆಟ್ಟಿಗೆ ನೋಡಿದ. ಕೆಂಪು ದೀಪ ಮಿಣುಕ್ತಿದೆ. ಕೆಂಪು ಅಂದ್ರೆ ಹೊರಗೆ ಫೈಬರ್ ಕಡಿದಿದೆ. ಮನೆಗೆ ಲೈನೇ ಇಲ್ಲ.

ಹಾಡು ನಡೀತಾನೇ ಇತ್ತು.

"ಅತ್ತೇ..." ಪಿಸುಗುಟ್ಟಿದ. "ನಿಲ್ಸಿ ಅತ್ತೆ."

ವರದಮ್ಮ ಸುಮ್ಮನಿರು ಅಂತ ಕೈ ಮಾಡಿದ್ರು. ಅವರ ಕಣ್ಣಲ್ಲಿ ನೀರು ಇಳೀತಿತ್ತು. ಅಷ್ಟರಲ್ಲಿ ಅವನ ಜೇಬಲ್ಲಿ ಫೋನು ಗುರ್ರ್ ಅಂತು. ಗುತ್ಯಮ್ಮನ ಮಗಳು.

"ದುರ್ಗೇಶಾ, ಎರಡು ಸಾಲಿಗೇ ಕಟ್ಟಾಯ್ತಲ್ಲೋ. ಅಮ್ಮ ಆಗಿಂದ ಅದೇ ಸಾಲು ಹೇಳ್ತಾ ಕೂತಿದ್ದಾಳೆ. ವರದ ಯಾಕೆ ಎತ್ಕೊಳ್ತಿಲ್ಲ ಅಂತ ಅಳ್ತಿದ್ದಾಳೆ."

ಆ ಕಿವಿಯಲ್ಲಿ ಗುತ್ಯಮ್ಮನ ಅಳು. ಈ ಕಿವಿಯಲ್ಲಿ ಗುತ್ಯಮ್ಮನ ಹಾಡು. ದುರ್ಗೇಶ ಬಾಗಿಲಿಗೆ ಒರಗಿ ಕೂತುಬಿಟ್ಟ. ಹಾಡು ಕೊನೇತನಕ ಮುಗೀತು. ಆಮೇಲೆ ಸ್ಪೀಕರು ತಣ್ಣಗಾಯ್ತು.

"ಅತ್ತೆ, ಅದು ಗುತ್ಯತ್ತೆ ಅಲ್ಲ."

"ಗೊತ್ತು" ಅಂದ್ರು ವರದಮ್ಮ. "ಅಕ್ಕ ಸಾಲಿನ ನಡುವೆ ಒಂದು ಕಡೆ ಉಸಿರು ತಗೊಳ್ತಾಳೆ. ಇದು ಎಲ್ಲೂ ತಗೊಳ್ಲಿಲ್ಲ."

"ಮತ್ತೆ ಯಾಕೆ ಹೇಳ್ತಾ ಹೋದ್ರಿ?"

ಅವರು ಸೆರಗಲ್ಲಿ ಮುಖ ಒರೆಸ್ಕೊಂಡ್ರು. "ನಡುವೆ ಬಿಡೋ ಹಾಗಿಲ್ಲ." ಆಮೇಲೆ ಇನ್ನೂ ಸಣ್ಣ ದನೀಲಿ... "ಎಷ್ಟು ಚಂದ ಕೂಡಿತ್ತು, ಕೇಳಿದ್ಯಾ?"

ಬೆಳಿಗ್ಗೆ ದುರ್ಗೇಶ ಕಂಬ ಹತ್ತಿ ಕಡಿದ ಫೈಬರ್ ಜೋಡಿಸಿದ. ಪೆಟ್ಟಿಗೇಲಿ ಹಸಿರು ದೀಪ ಬಂತು, ಅಂಕಿ ಮತ್ತೆ ನೂರೆಂಬತ್ತಕ್ಕೆ ನಿಂತಿತು. ಅಕ್ಕತಂಗಿ ಹಗಲಲ್ಲೇ ಒಂದು ಸಲ ಹಾಡಿ ನೋಡಿದ್ರು. ಸ್ಪೀಕರಲ್ಲಿ ಗುತ್ಯಮ್ಮನ ದನಿ ತಡವಾಗಿ ಬಂತು. ಅವರು ಬಾಯಿ ತೆರೆಯೋಷ್ಟರಲ್ಲಿ ಸಾಲನ್ನ ಯಾರೋ ಎತ್ತಿಕೊಂಡು ಆಗಿತ್ತು. ಈ ಸಲ ಸ್ಪೀಕರಿಂದ ಅಲ್ಲ, ಕೋಣೆಯೊಳಗಿಂದಲೇ. ಮನೆಯವರು ಕೇಳಿಸ್ಕೊಂಡ್ರು, ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಮದುವೆ ಮನೇಲಿ ಅಂಥ ಮಾತು ಯಾರು ಎತ್ತಾರೆ? ದುರ್ಗೇಶ ಮಾತ್ರ ವೈರು, ಲ್ಯಾಪ್‌ಟಾಪು ಎಲ್ಲ ಕಿತ್ತಿಟ್ಟ. ಕಿತ್ತಿಟ್ಟು ಏನು ಪ್ರಯೋಜನ, ಬಂದದ್ದು ಬಂದಾಗಿತ್ತು.

ಮದುವೆ ದಿನ ಸುಮ್ಮನೆ ವಿಡಿಯೋ ಕಾಲ್ ಹಾಕಿ ಫೋನನ್ನ ಚಪ್ಪರದ ಕಂಬಕ್ಕೆ ಕಟ್ಟಿದ್ರು, ಗುತ್ಯಮ್ಮ ನೋಡ್ಲಿ ಅಂತ. ಆಮೇಲೆ ಅವರ ಮಗಳು ಊರಿಗೆ ಬಂದಾಗ ನನ್ನ ಹತ್ರ ಹೇಳಿ ಅತ್ತಳು. ಅಮ್ಮ ಬೆಳಿಗ್ಗೆಯೇ ಎಚ್ಚರಾಗಿ ಹೊಸ ಸೀರೆ ಉಡಿಸು ಅಂದಿದ್ರಂತೆ. ದಿಂಬಿಗೆ ಒರಗಿ ಕೂತು, ಬಿಸಿನೀರು ಕುಡಿದು ಗಂಟಲು ಸರಿ ಮಾಡ್ಕೊಂಡಿದ್ರಂತೆ. ಹುಡುಗಿ ಹಸೆಗೆ ಬಂದು ಕೂತಳು. ವರದಮ್ಮ ಸಾಲು ಹೇಳಿದ್ರು. ಗುತ್ಯಮ್ಮ ಬಾಯಿ ತೆರೆದ್ರು... ಹಾಗೇ ಮುಚ್ಚಿದ್ರು. ಎರಡನೇ ಸಾಲಿಗೂ ಹಾಗೇ. ಆಮೇಲೆ ಮಗಳಿಗೆ ಹೇಳಿದ್ರಂತೆ, "ಅವಳ ಜೋಡಿ ಬಂದಾಗಿದೆ. ಫೋನ್ ಇಡು."

ಅದಾದ ಮೇಲೆ ಗುತ್ಯಮ್ಮ ಹೆಚ್ಚು ದಿನ ಇರ್ಲಿಲ್ಲ. ಒಂದು ಸಾಲೂ ಹಾಡ್ಲಿಲ್ಲ. ತಂಗಿ ಫೋನ್ ಮಾಡಿದ್ರೆ ನಿದ್ದೆ ಬಂದವರ ಹಾಗೆ ಮಗ್ಗಲು ತಿರುಗಿಬಿಡೋರಂತೆ. ನನಗೆ ಇದನ್ನ ನೆನೆಸ್ಕೊಂಡ್ರೆ ಹೆದರಿಕೆಗಿಂತ ಸಂಕಟವೇ ಹೆಚ್ಚಾಗ್ತದೆ. ದೆವ್ವವೋ ಮತ್ತೊಂದೋ, ಯಾರಾದ್ರೂ ಆಗಿರ್ಲಿ, ಬೇರೆ ಜಾಗ ಸಿಗ್ಲಿಲ್ವಾ ಅದಕ್ಕೆ?

ವರದಮ್ಮ ಇದ್ದಾರೆ. ಸಂಜೆ ಆದ್ರೆ ಕೋಣೆ ಬಾಗಿಲು ಹಾಕ್ಕೊಳ್ತಾರೆ. ಮನೆಯವರು ಟಿವಿ ಜೋರು ಮಾಡ್ತಾರೆ.

ನೀವು ನಗ್ತಿದ್ದೀರಿ. ನಗಿ. ಸ್ವಪ್ನಾಳ ಮದುವೆ ವಿಡಿಯೋ ಇದೆ, ಯಾವತ್ತಾದ್ರೂ ಕೇಳಿ ಹಾಕ್ಸಿ ನೋಡಿ. ಅದರಲ್ಲಿ ವರದಮ್ಮನ ದನಿ ಒಂದೇ ಇರೋದು. ಅವರು ಸಾಲು ಮುಗಿಸ್ತಾರೆ, ಸುಮ್ಮನಾಗ್ತಾರೆ. ಆಗ ಹಸೆ ಸುತ್ತ ಕೂತ ಹೆಂಗಸರೆಲ್ಲ ಒಟ್ಟಿಗೇ ಅವರ ಎಡಗಡೆಗೆ ತಿರುಗಿ ನೋಡ್ತಾರೆ. ಅಲ್ಲಿ ಗೋಡೆ ಇದೆ, ಬೇರೇನೂ ಇಲ್ಲ. ಪ್ರತಿ ಸಾಲಿಗೂ ಹಾಗೇ. ಹೆಂಗಸರ ಎರಡನೇ ಸಾಲಲ್ಲಿ ಹಸಿರು ಸೀರೆ ಉಟ್ಟು ಕೂತಿರೋಳು ನಾನು. ನಾನೂ ತಿರುಗಿದ್ದೀನಿ.