ಗೋಡೆ ಒಡೆದು ಇಟ್ಟ ಕಿಟಕಿ

ಕೆ.ಆರ್. ನಗರದ ಆ ಹಳೆಯ ರೈಸ್‌ಮಿಲ್ಲು ಈಗ ಕಣ್ಣಿನ ಆಸ್ಪತ್ರೆಯಾಗಿದೆ. ಒಳಗೆ ರಾಧಾಳ ಅಪ್ಪನ ಆಪರೇಷನ್ ನಡೆಯುತ್ತಿತ್ತು. ಅವಳು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕಾಯುತ್ತ ಕುಳಿತಿದ್ದಳು. ಆಗತಾನೇ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡ ಭೇರ್ಯ ಊರಿನ ಮುದುಕಿಯೊಬ್ಬಳು ನಡುವಯಸ್ಸಿನ ಮಗನೊಂದಿಗೆ ಬಂದು, ತಲೆಯೆತ್ತಿ ಸೂರು ನೋಡಿದಳು.

“ನಟರಾಜು, ಆ ಕಬ್ಬಿಣದ ತೊಲೆ ಅಂಗೇ ಅದೆ ಕಣ್ಲಾ. ಅದಕ್ಕೇ ಸೀರೆ ಕಟ್ಟಿ ನಿನ್ನ ತೂಗ್ತಿದ್ದೆ.”

“ಮಿಲ್ಲೊಳಗಾ?”

“ಇನ್ನೆಲ್ಲಿ ಬುಡ್ಲಿ? ಅಕ್ಕಿ ಕೇರೋಕೆ ಬರೋವಾಗ ಎತ್ಕೊಂಡೇ ಬತ್ತಿದ್ದೆ. ಒಂದಿನ ತೌಡಿನ ಧೂಳಿಗೆ ಉಸಿರು ಕಟ್ಟಿ ಮಕ ನೀಲಿಗಟ್ಟೋಯ್ತು ನಿಂಗೆ.”

“ಆಮೇಲೆ?”

“ಮಿಷನ್ ನೋಡ್ಕೊಳ್ತಿದ್ದ ಚಿಕ್ಕಬೀರಣ್ಣ ಯಾರ್ನೂ ಕೇಳ್ದೆ ಹಾರೆ ತಕ್ಕೊಂಡು ಗೋಡೆ ಒಡ್ದ. ನಿನ್ನ ಅಲ್ಲಿಗೆ ಒಯ್ದೆ. ಗಾಳಿ ತಾಕ್ತಿದ್ದಂಗೆ ನೀನು ಅಳೋಕೆ ಶುರು ಮಾಡ್ದೆ.”

“ಸಾವ್ಕಾರ್ರು ಸುಮ್ನಿದ್ರಾ?”

“ಬೈಯೋಕೆ ಬಂದ್ರು. ನಿನ್ನ ನೋಡಿ, ಆ ತೂತಿಗೆ ಕಿಟಕಿ ಇಡಿಸಿದ್ರು. ಆಸ್ಪತ್ರೆ ಕಟ್ಟಿದೋರೂ ಅದ್ನ ಮುಚ್ಚಿಲ್ಲ ನೋಡು.”

ಮುದುಕಿ ಬೆರಳು ತೋರಿದ್ದು ರಾಧಾಳ ಪಕ್ಕದ ಕಿಟಕಿಯತ್ತ. ರಾಧಾ ಎದ್ದು ಜಾಗ ಬಿಟ್ಟಳು. ನಟರಾಜು ಬಂದು ಕಿಟಕಿಯ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತ.

“ಚಿಕ್ಕಬೀರಣ್ಣ ಇದ್ದಾರಾ ಅವ್ವ?”

“ಅವ್ನೆ. ಸಾಲಿಗ್ರಾಮದಲ್ಲಿ ಮಗಳ ಮನೇಲವ್ನೆ. ಕಣ್ಣು ಮಂಜಾದ ಮೇಲೆ ನಾನು ಅತ್ತ ಓಗೇ ಇಲ್ಲ.”

“ನಡಿ, ಮನೆಗೆ ಆಮೇಲೆ ಓಗನ. ಮೊದ್ಲು ಅವ್ರನ್ನ ನೋಡ್ಕೊಂಡು ಬರನ.”

ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಮಗನಿಗಿಂತ ಮುಂದೆ ಮುದುಕಿಯೇ ಬಿರಬಿರನೆ ನಡೆಯುತ್ತಿದ್ದಳು.